ದನ ಒಳಗೆ, ಲೆಕ್ಕ ಚುಕ್ತಾ: ಹಂಗೇರಿಯ ದನಗಾಹಿಗಳ ಅಕ್ಟೋಬರ್ ಹಬ್ಬ

ನಮ್ಮ ಹಳ್ಳಿಗಳಲ್ಲಿ 'ದನ ಹೊಡ್ಕೊಂಡು ಬಾ' ಅನ್ನುತ್ತಾರಲ್ಲ, ಅಲ್ಲಿ 'ಹೊಡೆ' ಅಂದ್ರೆ ಏಟು ಕೊಡು ಅಂತ ಅಲ್ಲ. ಹಿಂದೆ ನಿಂತು ನಡೆಸಿಕೊಂಡು ಬಾ ಅಂತ. ಹಂಗೇರಿಯ ಭಾಷೆಯಲ್ಲಿ ಈ ಹೊಡೆಯುವ ಕೆಲಸಕ್ಕೆ 'ಹೊಯ್ತಾಶ್' ಅನ್ನುತ್ತಾರೆ. ಅದರ ಮುಂದೆ 'ಕಿ' ಹಚ್ಚಿದರೆ ಕಿಹೊಯ್ತಾಶ್, ಹೊರಕ್ಕೆ ಹೊಡೆಯುವುದು. 'ಬೆ' ಹಚ್ಚಿದರೆ ಬೆಹೊಯ್ತಾಶ್, ಒಳಕ್ಕೆ ಹೊಡೆಯುವುದು. ಏಪ್ರಿಲ್‌ನಲ್ಲಿ ಬಯಲಿಗೆ ಹೋದ ದನ, ಕುರಿ, ಕುದುರೆಗಳನ್ನು ಚಳಿ ಕಚ್ಚುವ ಮುಂಚೆ ಕೊಟ್ಟಿಗೆ ಸೇರಿಸುವ ಈ ಬೆಹೊಯ್ತಾಶ್ ಅಲ್ಲಿ ಒಂದು ದೊಡ್ಡ ಹಬ್ಬ.

ಇವತ್ತು ಅದು ಜೋರಾಗಿ ನಡೆಯುವುದು ಹೊರ್ತೊಬಾಜ್ ಅನ್ನುವ ಸಣ್ಣ ಊರಿನಲ್ಲಿ. ದೇಶದ ಪೂರ್ವಕ್ಕೆ, ದೆಬ್ರೆತ್ಸೆನ್ ನಗರದಿಂದ ಸುಮಾರು 40 ಕಿಲೋಮೀಟರ್. ಅಕ್ಟೋಬರ್‌ನ ಒಂದು ಶನಿವಾರ, ಭಾನುವಾರ ಅಲ್ಲಿ ಜನ ಸೇರುತ್ತಾರೆ. ಊರಿನ ನಡುವೆ ಒಂಬತ್ತು ಕಮಾನಿನ ಕಲ್ಲಿನ ಸೇತುವೆ ಇದೆ. 1827ರಲ್ಲಿ ಶುರುವಾಗಿ 1833ರಲ್ಲಿ ಮುಗಿದದ್ದು, ಉದ್ದ 167 ಮೀಟರ್. ಈ ಸೇತುವೆಯ ಎರಡು ತುದಿಗಳನ್ನು ಗಮನಿಸಬೇಕು. ಅವು ನೇರವಾಗಿಲ್ಲ, ಲಾಳಿಕೆಯ ಬಾಯಿಯ ಥರ ಅಗಲವಾಗಿ ತೆರೆದುಕೊಂಡಿವೆ. ಯಾಕೆ ಗೊತ್ತಾ? ಹಿಂಡುಹಿಂಡಾಗಿ ಬರುವ ದನ ಬೆದರದೆ, ಆಚೆ ಈಚೆ ನುಗ್ಗದೆ, ತಾವಾಗಿಯೇ ಕಿರಿದಾಗುತ್ತಾ ಸೇತುವೆ ಹತ್ತಲಿ ಅಂತ. ಸೇತುವೆ ಕಟ್ಟಿದವರ ಮನಸ್ಸಿನಲ್ಲಿ ಗಾಡಿಗಳಷ್ಟೇ ದನಗಳೂ ಇದ್ದವು.

ಹಬ್ಬಕ್ಕೆ ಬಂದವರಿಗೆ ಕಾಣುವುದು ಕೊಂಬು, ಗಂಟೆ, ಚಾವಟಿಯ ಚಟಾರ್ ಸದ್ದು, ಕಡಾಯಿಯಿಂದ ಏಳುವ ಹೊಗೆ. ಚೆಂದವೇ. ಆದರೆ ಈ ಹಬ್ಬ ಯಾಕೆ ಹುಟ್ಟಿತು ಅಂತ ಕೇಳಿದರೆ, ಉತ್ತರ ಹಾಡು ಕುಣಿತದಲ್ಲಿ ಇಲ್ಲ. ಲೆಕ್ಕದಲ್ಲಿದೆ. ಬೇರೆಯವರ ಪ್ರಾಣಿಗಳನ್ನು ಆರು ತಿಂಗಳು ಕಾದವನು, ಎಣಿಸಿ ತೆಗೆದುಕೊಂಡದ್ದನ್ನು ಎಣಿಸಿ ವಾಪಸ್ ಕೊಡುವ ದಿನ ಇದು. ಅದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಮೊದಲು ಜಾಗದ ಬಗ್ಗೆ. ಹೊರ್ತೊಬಾಜ್ ಸುತ್ತಲಿನ ಬಯಲಿಗೆ 'ಪುಸ್ತಾ' ಅನ್ನುತ್ತಾರೆ. ಬರಿದಾದದ್ದು, ಖಾಲಿ ಅಂತ ಅರ್ಥ. ನಮ್ಮ ಕಡೆಯ 'ಕಾವಲು' ಅನ್ನುವ ಮಾತು ಇದಕ್ಕೆ ತೀರಾ ಹತ್ತಿರ. ಕಣ್ಣು ಹಾಯಿಸಿದಷ್ಟೂ ಚಪ್ಪಟೆ, ಗುಡ್ಡ ಇಲ್ಲ, ಮರ ಕಡಿಮೆ, ಮಣ್ಣು ಚೌಳು. ಬೇಸಾಯಕ್ಕೆ ಅಷ್ಟಾಗಿ ಬಾರದ ನೆಲ, ಹುಲ್ಲಿಗೆ ಮಾತ್ರ ಚೆನ್ನ. 19ನೇ ಶತಮಾನದ ನಡುವಿನಲ್ಲಿ ತಿಸಾ ನದಿಗೆ ಒಡ್ಡು ಕಟ್ಟಿ, ಪ್ರವಾಹ ನಿಲ್ಲಿಸಿದ್ದರಿಂದಲೇ ಈ ನೆಲ ಚೌಳಾಯಿತು ಅಂತ ತುಂಬಾ ದಿನ ನಂಬಿದ್ದರು. ಆಮೇಲೆ ಮಣ್ಣಿನ ಪದರಗಳನ್ನು ತೋಡಿ ನೋಡಿದಾಗ, ಹಿಮಯುಗದ ಕೊನೆಯಿಂದಲೇ ಇಲ್ಲಿ ಚೌಳು ಇತ್ತು ಅಂತ ತಿಳಿಯಿತು. ಒಡ್ಡಿನಿಂದ ಜೌಗು ಒಣಗಿದ್ದು, ದನಗಾಹಿಗಳ ಬದುಕು ಬದಲಾದದ್ದು ಮಾತ್ರ ನಿಜ. 1973ರಲ್ಲಿ ಇದು ಹಂಗೇರಿಯ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 1999ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಆಲ್ಪ್ಸ್ ಬೆಟ್ಟಗಳಲ್ಲೂ ಹೀಗೆ ದನ ಇಳಿಸುವ ಹಬ್ಬ ಇದೆ, ಹೂವಿನ ಕಿರೀಟ ತೊಟ್ಟ ಹಸುಗಳ ಫೋಟೋ ನೀವೂ ನೋಡಿರಬಹುದು. ಅಲ್ಲಿ ದನ ಬೇಸಿಗೆಗೆ ಬೆಟ್ಟ ಹತ್ತಿ, ಚಳಿಗೆ ಕಣಿವೆಗೆ ಇಳಿಯುತ್ತವೆ. ಪುಸ್ತಾದಲ್ಲಿ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಎಲ್ಲಾ ಒಂದೇ ಮಟ್ಟ. ಹಾಗಿದ್ದರೆ ಯಾವುದರಿಂದ ಓಡುವುದು? ಗಾಳಿಯಿಂದ. ಬೇಸಿಗೆಯಲ್ಲಿ 35 ಡಿಗ್ರಿ ದಾಟುವ ಈ ಬಯಲಿನಲ್ಲಿ ಚಳಿಗಾಲದ ಕೆಲವು ರಾತ್ರಿ ಮೈನಸ್ 20ರವರೆಗೂ ಇಳಿಯುತ್ತದೆ, ಬೀಸುವ ಗಾಳಿಯನ್ನು ತಡೆಯಲು ಒಂದು ದಿಬ್ಬವೂ ಇಲ್ಲ, ಹುಲ್ಲು ಅಕ್ಟೋಬರ್‌ನಲ್ಲೇ ಬೆಳೆಯುವುದನ್ನು ನಿಲ್ಲಿಸಿರುತ್ತದೆ.

ಆದರೂ ಹಳೇ ಕಾಲದಲ್ಲಿ ಎಲ್ಲಾ ದನಗಳೂ ಒಳಗೆ ಬರುತ್ತಿರಲಿಲ್ಲ. ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ಸಾಕುವ ರೀತಿಯಲ್ಲಿ ಮೂರು ಬಗೆ ಇತ್ತು. ವರ್ಷವಿಡೀ ಬಯಲಲ್ಲೇ ಬದುಕುವ, ಅಲ್ಲೇ ಕರು ಹಾಕುವ, ಹಿಮದಲ್ಲೂ ಕೊಟ್ಟಿಗೆ ಕಾಣದ ಹಿಂಡು ಒಂದು. ಅದಕ್ಕೆ 'ಸಿಲೊಯ್' ಅನ್ನುತ್ತಿದ್ದರು, ಕಾಡುಮೈ ಅಂತ ಇಟ್ಟುಕೊಳ್ಳಿ. ಎರಡನೆಯದು ಅರೆಕಾಡು: ಬೆಚ್ಚಗಿರುವ ಅರ್ಧ ವರ್ಷ ಬಯಲು, ಚಳಿಯ ಅರ್ಧ ವರ್ಷ ಆಸರೆ. ಮೂರನೆಯದು ದಿನಾ ಸಂಜೆ ಮನೆಗೆ ಬರುವ ಹಾಲಿನ ಹಸು, ನಮಗೆ ಗೊತ್ತಿರುವಂಥದ್ದೇ. ಬೆಹೊಯ್ತಾಶ್ ಅನ್ನುವುದು ಈ ನಡುವಿನವರ ಹಬ್ಬ. ಉಳುಮೆ ಹೆಚ್ಚಿ, ಹುಲ್ಲುಗಾವಲು ಕಿರಿದಾಗುತ್ತಾ ಬಂದ ಹಾಗೆ ಕಾಡುಮೈ ಹಿಂಡುಗಳು ಕಡಿಮೆಯಾದವು, ಅರೆಕಾಡು ಪದ್ಧತಿಯೇ ರೂಢಿಯಾಯಿತು.

ಹೊರಡುವ ದಿನ ಏಪ್ರಿಲ್ 24, ಸಂತ ಜಾರ್ಜನ ದಿನ. ಬರುವ ದಿನ ಅಕ್ಟೋಬರ್ 26, ಸಂತ ದೆಮೆತ್ರಿಯಸ್‌ನ ದಿನ. ಹಂಗೇರಿಯವರು ಅವನನ್ನು ದೊಮೊತೊರ್ ಅನ್ನುತ್ತಾರೆ. ನಡುವೆ 185 ದಿನ. ಎಲ್ಲಾ ಕಡೆ ಇದೇ ತಾರೀಖು ಅಂತಲ್ಲ. ಕೆಲವು ಕಡೆ ಸೆಪ್ಟೆಂಬರ್ 29ರ ಸಂತ ಮೈಕೇಲನ ದಿನಕ್ಕೇ ದನ ಬರುತ್ತಿತ್ತು, ಇನ್ನು ಕೆಲವು ಕಡೆ ಮೊದಲ ಹಿಮ ಬೀಳುವವರೆಗೂ ಕುರಿ ಹೊರಗೇ ಇರುತ್ತಿದ್ದವು. ಆದರೆ ಜಾರ್ಜನಿಂದ ದೆಮೆತ್ರಿಯಸ್‌ವರೆಗೆ ಅನ್ನುವ ಈ ಜೋಡಿ ಹಂಗೇರಿಗಿಂತ ದೊಡ್ಡದು. ಬಲ್ಗೇರಿಯಾ, ರೊಮೇನಿಯಾ ಕಡೆಯ ಕುರಿಗಾಹಿಗಳಿಗೂ ಇದೇ ಎರಡು ದಿನ. ಇಸ್ಲಾಂ ಪಾಲಿಸುತ್ತಿದ್ದ ಆಟೊಮನ್ ತುರ್ಕರೂ ವರ್ಷವನ್ನು ಇದೇ ಎರಡು ದಿನಗಳಲ್ಲಿ ಅರ್ಧ ಮಾಡುತ್ತಿದ್ದರು, ಹಳೇ ಪಂಚಾಂಗದ ಲೆಕ್ಕದಿಂದ ಅವು ಈಗ ಮೇ 6 ಮತ್ತು ನವೆಂಬರ್ 8ಕ್ಕೆ ಬೀಳುತ್ತವೆ, ಹೆಸರು ಮಾತ್ರ ಬೇರೆ.

ನನಗೆ ತುಂಬಾ ಹಿಡಿಸಿದ ಸಂಗತಿ ಇನ್ನೊಂದು. ಹೊರ್ತೊಬಾಜ್ ಬಯಲು ತುಂಬಾ ಕಾಲ ದೆಬ್ರೆತ್ಸೆನ್ ನಗರದ ಆಸ್ತಿ. ಅಲ್ಲಿನ ಗೃಹಸ್ಥರ ದನಗಳೇ ಅಲ್ಲಿ ಮೇಯುತ್ತಿದ್ದವು. ಆ ನಗರವೋ 16ನೇ ಶತಮಾನದಿಂದ ಕಟ್ಟಾ ಪ್ರಾಟೆಸ್ಟೆಂಟ್, ಅದಕ್ಕೆ 'ಕ್ಯಾಲ್ವಿನಿಸ್ಟರ ರೋಮ್' ಅಂತಲೇ ಹೆಸರು. ಸಂತರ ಪೂಜೆ ಬೇಡವೇ ಬೇಡ ಅಂದ ಜನ ಅವರು. ಆದರೂ ದನಗಾಹಿಯ ಕರಾರಿನಲ್ಲಿ ಸಂತ ಜಾರ್ಜ್, ಸಂತ ದೆಮೆತ್ರಿಯಸ್ ಉಳಿದುಕೊಂಡರು. ಚರ್ಚಿನಿಂದ ಹೋದ ಸಂತರು ಕೊಟ್ಟಿಗೆಯಲ್ಲಿ ಇದ್ದರು. ಅಂದ್ರೆ ದನಗಾಹಿಗೆ ಆ ಹೆಸರು ದೇವರ ಕೋಣೆಯದ್ದಲ್ಲ, ಕ್ಯಾಲೆಂಡರಿನದ್ದು. 'ಯುಗಾದಿಗೆ ಬಡ್ಡಿ ಕೊಡ್ತೀನಿ' ಅಂತ ಹೇಳುವವನಿಗೆ ಯುಗಾದಿ ಹೇಗೋ ಹಾಗೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಹಿಂಡಿನ ಮುಖ್ಯ ದನಗಾಹಿಗೆ ಹಂಗೇರಿಯಲ್ಲಿ 'ಸಾಮೊದೋ' ಅನ್ನುತ್ತಾರೆ. 'ಸಾಮ್' ಅಂದ್ರೆ ಸಂಖ್ಯೆ, 'ಒದೋ' ಅಂದ್ರೆ ಕೊಡುವವನು. ಲೆಕ್ಕ ಕೊಡುವವನು! ಅವನ ಹುದ್ದೆಯ ಹೆಸರಿನಲ್ಲಿ ದನವೂ ಇಲ್ಲ, ಕಾಯುವುದೂ ಇಲ್ಲ, ಲೆಕ್ಕ ಮಾತ್ರ ಇದೆ. ಅವನ ಕೈಕೆಳಗೆ 'ಬೊಯ್ತಾರ್' ಅನ್ನುವ ಹುಡುಗರು ಇರುತ್ತಿದ್ದರು. ಹುಡುಗರ ತಪ್ಪಿಗೂ ಜವಾಬು ಅವನದೇ. ನೂರಾರು ಮನೆಗಳ ನೂರಾರು ಪ್ರಾಣಿ ಅವನ ವಶಕ್ಕೆ ಬಂದಿರುತ್ತವೆ. ದನಕ್ಕೆ ಬರೆಯ ಗುರುತು, ಕುರಿಗೆ ಕಿವಿ ಕತ್ತರಿಸಿದ ಗುರುತು. ಒಂದು ಕಳೆದುಹೋದರೆ ಅವನೇ ಕಟ್ಟಿಕೊಡಬೇಕು. ರೋಗ ಬಂದು ಸತ್ತರೆ? ಬಾಯಿಮಾತು ನಡೆಯುವುದಿಲ್ಲ. ಸತ್ತದ್ದರ ಚರ್ಮ ಸುಲಿದು, ಬರೆ ಕಾಣುವ ಹಾಗೆ ಒಣಗಿಸಿ ಇಟ್ಟು, ಯಜಮಾನನಿಗೆ ತೋರಿಸಬೇಕು. ಚರ್ಮ ಇದ್ದರೆ ಸಾವು, ಇಲ್ಲದಿದ್ದರೆ ಸಾಲ.

ಓದು ಬರಹ ಬಾರದವರು ಈ ಲೆಕ್ಕ ಇಟ್ಟದ್ದು ಹೇಗೆ? ಕೋಲಿನಲ್ಲಿ. ಅದಕ್ಕೆ 'ರೊವಾಶ್' ಅನ್ನುತ್ತಾರೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕಂದ್ರೆ ಇಡೀ ಹಬ್ಬದ ಜೀವ ಇದರಲ್ಲಿದೆ. ಗೇಣುದ್ದದ ಒಂದು ಮರದ ತುಂಡು ತೆಗೆದುಕೊಳ್ಳುತ್ತಾರೆ. ಅದನ್ನು ಉದ್ದಕ್ಕೆ ಎರಡಾಗಿ ಸೀಳುತ್ತಾರೆ. ಸೀಳುವಾಗ ಹಿಡಿಯ ಭಾಗ ಒಂದಕ್ಕೇ ಉಳಿಯುತ್ತದೆ. ಹಿಡಿ ಇರುವುದು ತಾಯಿ, ಇಲ್ಲದ್ದು ಮರಿ. ಎರಡನ್ನೂ ಮತ್ತೆ ಜೋಡಿಸಿ ಹಿಡಿದು, ಎರಡರ ಮೇಲೂ ಒಟ್ಟಿಗೆ ಹಾಯುವ ಹಾಗೆ ಚಾಕುವಿನಿಂದ ಗೀರು ಹಾಕುತ್ತಾರೆ. ಒಂದಕ್ಕೆ ಒಂದು ಥರದ ಗೀರು, ಹತ್ತಕ್ಕೆ ಬೇರೆ. ಅರ್ಧ ಯಜಮಾನನ ಮನೆಗೆ, ಇನ್ನರ್ಧ ದನಗಾಹಿಯ ಚೀಲಕ್ಕೆ.

ಅಕ್ಟೋಬರ್‌ನಲ್ಲಿ ಎರಡೂ ತುಂಡು ಮತ್ತೆ ಸೇರುತ್ತವೆ. ಮರದ ನಾರು ನಾರಿಗೆ ಕೂಡಬೇಕು, ಗೀರು ಗೀರಿಗೆ ಕೂಡಬೇಕು. ನಡುವೆ ಯಾರಾದರೂ ಒಂದು ಗೀರು ಸೇರಿಸಿದ್ದರೆ ಇನ್ನೊಂದರಲ್ಲಿ ಅದು ಇರುವುದಿಲ್ಲ. ಕೆರೆದು ಅಳಿಸಿದ್ದರೆ ಅಲ್ಲಿ ಕುಳಿ ಕಾಣುತ್ತದೆ. ಸಹಿ ಇಲ್ಲ, ಸಾಕ್ಷಿ ಇಲ್ಲ, ಆದರೂ ಮೋಸ ಮಾಡಲು ಆಗುವುದಿಲ್ಲ. ಯಜಮಾನನೂ ಮಾಡಲಾರ, ಆಳೂ ಮಾಡಲಾರ. ಬಡವನ ಕೈಯಲ್ಲಿ ಅಷ್ಟೇ ಬಲದ ಅರ್ಧ ಇತ್ತು ಅನ್ನುವುದು ಸಣ್ಣ ಮಾತಲ್ಲ. ಆ ಕೋಲು ಈಗ ಮ್ಯೂಸಿಯಂ ಸೇರಿದೆ, ಮಾತು ಮಾತ್ರ ಬದುಕಿದೆ. ತಪ್ಪು ಜಾಸ್ತಿ ಮಾಡಿದವನನ್ನು ಹಂಗೇರಿಯವರು ಇವತ್ತಿಗೂ 'ಅವನ ರೊವಾಶ್‌ನಲ್ಲಿ ತುಂಬಾ ಇದೆ' ಅನ್ನುತ್ತಾರೆ.

ಲೆಕ್ಕ ಕೂಡಿದ ಮೇಲೆ ಸಂಬಳ. ಅದು ಬರೀ ದುಡ್ಡಲ್ಲ. ಗೋಧಿ, ಉಪ್ಪು, ಹಂದಿಯ ಕೊಬ್ಬು, ಕಾಲಿಗೆ ಮೆಟ್ಟು, ಜೊತೆಗೆ ತನ್ನದೇ ಕೆಲವು ಪ್ರಾಣಿಗಳನ್ನು ಅದೇ ಹಿಂಡಿನಲ್ಲಿ ಪುಕ್ಕಟೆ ಮೇಯಿಸಿಕೊಳ್ಳುವ ಹಕ್ಕು. ಸಂಬಳ ಆದ ಮೇಲೆ ದೊಡ್ಡ ಪ್ರಶ್ನೆ: ಮುಂದಿನ ವರ್ಷಕ್ಕೆ ಇವನೇ ಇರುತ್ತಾನಾ, ಬೇರೆ ಯಜಮಾನನ ಹತ್ತಿರ ಹೋಗುತ್ತಾನಾ? ಹಳೇ ಕರಾರು ಮುರಿಯುವುದೂ ಹೊಸದು ಕೂಡುವುದೂ ದೊಮೊತೊರ್ ದಿನದಲ್ಲೇ. ಅದಕ್ಕೇ ಈ ದಿನಕ್ಕೆ 'ಕುರಿಗಾಹಿಗಳ ಹೊಸ ವರ್ಷ' ಅಂತ ಹೆಸರು ಬಂತು. ಜನವರಿ ಒಂದು ಅವರಿಗೆ ಏನೂ ಅಲ್ಲ.

ಆಮೇಲೆ ಕುಣಿತ. ಆರು ತಿಂಗಳು ಪ್ರಾಣಿಗಳ ಜೊತೆ, ಗಾಳಿಯ ಜೊತೆ ಮಾತಾಡಿಕೊಂಡು ಬಯಲಲ್ಲಿ ಇದ್ದ ಗಂಡಸರು. ಕೈಯಲ್ಲಿ ಸಂಬಳ, ತಲೆ ಮೇಲೆ ಯಾರ ದನವೂ ಇಲ್ಲ. ಛತ್ರದಂಥ 'ಚಾರ್ದಾ'ಗಳಲ್ಲಿ ಸೇರಿ ಕುಡಿದು, ಹಾಡಿ, ಕೆಲವು ಕಡೆ ಮೂರು ದಿನದವರೆಗೂ ಹಬ್ಬ ಮಾಡುತ್ತಿದ್ದರು. ಇದಕ್ಕೆ 'ದೊಮೊತೊರ್ ಮಾಡುವುದು' ಅಂತಲೇ ಒಂದು ಕ್ರಿಯಾಪದ ಅವರ ಮಾತಿನಲ್ಲಿದೆ. ಅದರ ನಡುವೆಯೂ ಕಣ್ಣು ಆಕಾಶದ ಕಡೆ. ಆ ದಿನ ತಣ್ಣನೆ ಗಾಳಿ ಬೀಸಿದರೆ ಚಳಿಗಾಲ ಕಠಿಣ ಅಂತ ನಂಬಿಕೆ.

ದನಗಾಹಿ ಅಂತ ಒಂದೇ ಮಾತಿನಲ್ಲಿ ನಾನು ಹೇಳುತ್ತಾ ಬಂದೆ. ಅವರು ಇದನ್ನು ಒಪ್ಪುತ್ತಿರಲಿಲ್ಲ. ಕುದುರೆ ಕಾಯುವ ಚಿಕೋಶ್ ಎಲ್ಲರಿಗಿಂತ ಮೇಲೆ, ಆಮೇಲೆ ದನದ ಗುಯಾಶ್, ಆಮೇಲೆ ಕುರಿಯ ಯುಹಾಸ್, ಕೊನೆಗೆ ಹಂದಿಯ ಕೊಂದಾಶ್. ಗುಯಾಶ್ ಅನ್ನುವ ಹೆಸರು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಪ್ರಪಂಚದ ಹೋಟೆಲ್‌ಗಳಲ್ಲಿ 'ಗೂಲಾಷ್' ಅಂತ ಕೊಡುವ ಮಾಂಸದ ಸಾರು ಇವರದೇ. 'ಗುಯಾಶ್' ಅಂದ್ರೆ ದನ ಕಾಯುವವನು, ಅವನು ಬಯಲಲ್ಲಿ ಕಡಾಯಿ ತೂಗುಹಾಕಿ ಬೇಯಿಸಿದ್ದಕ್ಕೂ ಅವನ ಹೆಸರೇ ಅಂಟಿಕೊಂಡಿತು. ಆದರೆ ಹೊರ್ತೊಬಾಜ್‌ನವರ ಅಚ್ಚುಮೆಚ್ಚಿನ ಅಡುಗೆ ಬೇರೆ, ಅದರ ಹೆಸರು ಶ್ಲಾಂಬುತ್ಸ್. ಹಂದಿ ಕೊಬ್ಬು, ಆಲೂಗಡ್ಡೆ, ಒಣ ಹಿಟ್ಟಿನ ತೆಳು ಹಾಳೆ, ಇಷ್ಟೇ. ಎಲ್ಲವೂ ಚೀಲದಲ್ಲಿ ತಿಂಗಳುಗಟ್ಟಲೆ ಕೆಡದೆ ಇರುವಂಥವು. ಚಮಚ ಹಾಕಿ ಕದಡುವ ಹಾಗಿಲ್ಲ, ಕಡಾಯಿಯ ಹಿಡಿ ಹಿಡಿದು ತಿರುಗಿಸಿ ತಿರುಗಿಸಿ ಮಗುಚಬೇಕು. 32 ಸಲ ತಿರುಗಿಸಿದರೇ ಅದು ಸರಿಯಾದ ಶ್ಲಾಂಬುತ್ಸ್ ಅಂತ ಹಿರಿಯರ ಮಾತು. ಹಬ್ಬದ ದಿನ ಇದರದ್ದೇ ಘಮ.

ಇನ್ನು 'ಚಳಿಗಾಲದ ಆಸರೆ' ಅಂದ್ರೆ ಏನು? ಕುರಿಗಳಿಗೆ ಹೊದಾಯ್ ಅನ್ನುವ ಉದ್ದನೆಯ, ತಗ್ಗು ಗೋಡೆಯ, ದೊಡ್ಡ ಮಾಡಿನ ಕೊಟ್ಟಿಗೆ. ದನಗಳಿಗೆ ಕೆಲವೊಮ್ಮೆ ಮಾಡೇ ಇಲ್ಲದ ಆಸರೆ, ಅದರ ಹೆಸರು ಸಾರ್ನ್ಯೇಕ್. ಜೊಂಡಿನಿಂದ ಹೆಣೆದ ಎತ್ತರದ ಗೋಡೆಗಳು, ಮೇಲಿನಿಂದ ನೋಡಿದರೆ ಶಿಲುಬೆಯ ಹಾಗೆ ಅಥವಾ ಮೂರು ಕಾಲಿನ ನಕ್ಷತ್ರದ ಹಾಗೆ. ಇದರ ಜಾಣತನ ಆಕಾರದಲ್ಲಿದೆ. ಬಡಗಣ ಗಾಳಿ ಬೀಸಿದರೆ ದನ ತೆಂಕಣ ಮೂಲೆಗೆ ಸರಿಯುತ್ತವೆ, ಮೂಡಣದಿಂದ ಬೀಸಿದರೆ ಪಡುವಣ ಮೂಲೆಗೆ. ಯಾರೂ ಹೊಡೆಯಬೇಕಿಲ್ಲ. ಯಾವ ದಿಕ್ಕಿನಿಂದ ಬೀಸಿದರೂ ಒಂದು ಮೂಲೆಯಲ್ಲಿ ಗಾಳಿ ಇರುವುದಿಲ್ಲ. ದನಗಾಹಿಗೆ ಆಸರೆ ಅಂದ್ರೆ ಅವನ ಮೈಮೇಲಿನದ್ದೇ, ಶುಬಾ ಅನ್ನುವ ಕುರಿಚರ್ಮದ ದೊಡ್ಡ ಹೊದಿಕೆ. ನಮ್ಮ ಕಂಬಳಿಯ ಥರ ಅದೇ ಹಾಸಿಗೆ, ಅದೇ ಮನೆ. ಬಾವಿಯೂ ನಮಗೆ ಹೊಸದಲ್ಲ, ಏತವೇ. ಬಯಲಲ್ಲಿ ದೂರದಿಂದ ಮೊದಲು ಕಾಣುವುದು ಆ ಏತದ ಉದ್ದನೆ ಮರ.

ಈ ಹೊದಾಯ್‌ಗಳ ಬಗ್ಗೆ ಬರೆಯುವಾಗ ಒಂದು ವಿಷಯ ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. 1950ರಿಂದ 1953ರವರೆಗೆ ಹಂಗೇರಿಯ ಕಮ್ಯುನಿಸ್ಟ್ ಸರ್ಕಾರ ಗಡಿ ಪ್ರದೇಶಗಳ ಸಾವಿರಾರು ಜನರನ್ನು, ಮಕ್ಕಳು ಮುದುಕರ ಸಮೇತ, ರಾತ್ರೋರಾತ್ರಿ ಎಬ್ಬಿಸಿ ಈ ಬಯಲಿಗೆ ತಂದು ಹಾಕಿತು. 12 ಕೂಲಿ ಶಿಬಿರಗಳು. ಎಷ್ಟೋ ಕುಟುಂಬಗಳನ್ನು ಇಟ್ಟದ್ದು ಕುರಿ ಕೊಟ್ಟಿಗೆಗಳಲ್ಲೇ. ಚಳಿಗೆ ಕುರಿ ಬರಬೇಕಾದ ಜಾಗದಲ್ಲಿ ಮನುಷ್ಯರು ಚಳಿ ಕಳೆದರು. ಪುಸ್ತಾದ ಚೆಂದದ ಫೋಟೋಗಳ ಜೊತೆ ಇದೂ ನೆನಪಿರಬೇಕು.

ಈಗ ಸೇತುವೆ ದಾಟುವ ಆ ಬೂದು ದನಗಳ ಕಥೆ. ಉದ್ದನೆ ಕೊಂಬಿನ ಹಂಗೇರಿಯ ಬೂದು ದನ ಹುಟ್ಟುವಾಗ ಬೂದು ಅಲ್ಲ, ಕರು ಗೋಧಿ ಕೆಂಪು, ತಿಂಗಳುಗಳು ಕಳೆದ ಹಾಗೆ ಬಣ್ಣ ತಿರುಗುತ್ತದೆ. ಹಾಗಾಗಿ ಅಕ್ಟೋಬರ್‌ನ ಹಿಂಡಿನಲ್ಲಿ ವಸಂತದ ಕರುಗಳು ಬೂದು ಬಣ್ಣಕ್ಕೆ ತಿರುಗುತ್ತಿರುತ್ತವೆ, ತಡವಾಗಿ ಹುಟ್ಟಿದವು ಇನ್ನೂ ಕೆಂಪು. ಬಣ್ಣ ನೋಡಿಯೇ ವಯಸ್ಸು ಹೇಳಬಹುದು. 16ನೇ ಶತಮಾನದಲ್ಲಿ ಈ ದನಗಳು ಕಾಲ್ನಡಿಗೆಯಲ್ಲೇ ವಿಯೆನ್ನಾ, ನ್ಯೂರೆಂಬರ್ಗ್, ವೆನಿಸ್‌ವರೆಗೆ ಹೋಗುತ್ತಿದ್ದವು, ಒಳ್ಳೆಯ ವರ್ಷಗಳಲ್ಲಿ ಒಂದು ಲಕ್ಷದ ಆಸುಪಾಸು. ದಾರಿಯಲ್ಲಿ ಕಳ್ಳರು, ಸೈನಿಕರು. ಹಾಗಾಗಿ ದನ ಹೊಡೆಯುವವರು ಕತ್ತಿಯನ್ನೂ ಹಿಡಿದರು. ಅವರಿಗೆ 'ಹೊಯ್ದೂ' ಅಂತ ಹೆಸರು, ಹೊಯ್ತಾಶ್ ಅನ್ನುವ ಅದೇ ಬೇರಿನಿಂದ ಬಂದದ್ದು ಅಂತಲೇ ಹೆಚ್ಚಿನವರು ಹೇಳುತ್ತಾರೆ. 1605ರಲ್ಲಿ, ಹ್ಯಾಬ್ಸ್‌ಬರ್ಗ್ ದೊರೆಗಳ ವಿರುದ್ಧ ದಂಗೆ ಎದ್ದ ಟ್ರಾನ್ಸಿಲ್ವೇನಿಯಾದ ಅರಸ ಇಷ್ಟ್ವಾನ್ ಬೊಚ್ಕೊಯ್ ತನ್ನ ಪರವಾಗಿ ಯುದ್ಧ ಮಾಡಿದ ಅವರಿಗೆ ಭೂಮಿ ಕೊಟ್ಟು ನೆಲೆ ನಿಲ್ಲಿಸಿದ. ಹೊರ್ತೊಬಾಜ್ ಇರುವ ಜಿಲ್ಲೆಯ ಹೆಸರಿನಲ್ಲೇ ಇವತ್ತಿಗೂ ಹೊಯ್ದೂ ಇದ್ದಾರೆ.

ಅಂಥ ದನ 1960ರ ದಶಕದ ಹೊತ್ತಿಗೆ ಸುಮಾರು 200 ಹಸು, ಬೆರಳೆಣಿಕೆಯ ಹೋರಿಗಳಿಗೆ ಬಂದು ನಿಂತಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಎಳೆಯುವ ಕೆಲಸ ಇಲ್ಲ, ಹಾಲು ಕಡಿಮೆ, ಯಾರಿಗೂ ಬೇಡವಾಯಿತು. ಉಳಿದದ್ದು ಕೆಲವರ ಹಟದಿಂದ. ಈಗ ಸಾವಿರಾರು ಇವೆ. ತಿರುಚಿದ ಕೊಂಬು ನೆಟ್ಟಗೆ ಮೇಲಕ್ಕೆ ಹೋಗುವ ರಾತ್ಸ್ಕಾ ಕುರಿ, ಕುರಿಯ ಹಾಗೆ ಗುಂಗುರು ಕೂದಲಿರುವ ಮಂಗಾಲಿತ್ಸಾ ಹಂದಿ, ಎಲ್ಲದರ ಕಥೆಯೂ ಹೆಚ್ಚುಕಡಿಮೆ ಇದೇ.

ಹಾಗಾದರೆ ಈಗಿನ ಹಬ್ಬ ಸುಮ್ನೆ ತೋರಿಕೆಗೆ ಮಾಡುವಂಥದ್ದಾ? ನನಗೆ ಹಾಗೆ ಅನ್ನಿಸುವುದಿಲ್ಲ. ದನಗಾಹಿ ಈಗ ತಿಂಗಳ ಸಂಬಳದವನು, ಪ್ರಾಣಿಯ ಕಿವಿಯಲ್ಲಿ ನಂಬರಿನ ಹಳದಿ ಬಿಲ್ಲೆ, ಕೋಲಿನ ಲೆಕ್ಕ ಹೋಯಿತು, ನಿಜ. ಆದರೆ ಹುಲ್ಲು ಬದಲಾಗಿಲ್ಲ. ಮೇಯದೆ ಬಿಟ್ಟರೆ ಈ ಬಯಲಿನಲ್ಲಿ ಜೊಂಡು, ಕಳೆ ತುಂಬಿಕೊಳ್ಳುತ್ತವೆ, ಗಿಡ್ಡ ಹುಲ್ಲಲ್ಲೇ ಗೂಡು ಕಟ್ಟುವ ಹಕ್ಕಿಗಳಿಗೆ ಜಾಗ ಇಲ್ಲದಾಗುತ್ತದೆ. ಅದಕ್ಕೇ ರಾಷ್ಟ್ರೀಯ ಉದ್ಯಾನವೇ ದನ ಮೇಯಿಸುತ್ತದೆ. ಏಪ್ರಿಲ್‌ನಲ್ಲಿ ನಿಜವಾಗಿ ಹೊರಡುತ್ತವೆ, ಚಳಿಗೆ ನಿಜವಾಗಿ ಬರುತ್ತವೆ. ಅದೇ ಅಕ್ಟೋಬರ್‌ನಲ್ಲಿ ದಕ್ಷಿಣಕ್ಕೆ ಹೋಗುವ ಕ್ರೌಂಚ ಹಕ್ಕಿಗಳು ಲಕ್ಷಕ್ಕೂ ಮೀರಿ ಇಲ್ಲಿ ತಂಗುತ್ತವೆ. ಸಂಜೆ ಕೆಳಗೆ ಹಿಂಡು ಊರ ಕಡೆ ನಡೆಯುವಾಗ ಮೇಲೆ ಅವು ಸಾಲುಸಾಲಾಗಿ ಕೂಗುತ್ತಾ ಕೆರೆಗಳ ಕಡೆ ಹೋಗುತ್ತವೆ.

ದೇಶದ ಪಶ್ಚಿಮ ಭಾಗದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತುದಿ ಇತ್ತು. ನವೆಂಬರ್ 11ರ ಸಂತ ಮಾರ್ಟಿನ್‌ನ ದಿನದ ಹೊತ್ತಿಗೆ ದನಗಾಹಿ ಪ್ರತಿ ಯಜಮಾನನ ಮನೆಗೂ ಹೋಗಿ ಕವಲುಗಳಿರುವ ಒಂದು ಎಳೆ ಕೊಂಬೆ ಕೊಡುತ್ತಿದ್ದ. ಅದರಲ್ಲಿ ಎಷ್ಟು ಕವಲೋ ಬರುವ ವರ್ಷ ಅಷ್ಟು ಮರಿ ಅಂತ ಹಾರೈಸುತ್ತಿದ್ದ. ಮನೆಯವರು ಒಂದಿಷ್ಟು ದುಡ್ಡು ಕೊಟ್ಟು ಕೊಂಬೆಯನ್ನು ಜೋಪಾನವಾಗಿ ಎತ್ತಿಡುತ್ತಿದ್ದರು. ಚಳಿಗಾಲವೆಲ್ಲ ಅದು ಮನೆಯಲ್ಲೇ ಒಣಗುತ್ತಿತ್ತು. ಏಪ್ರಿಲ್‌ನಲ್ಲಿ ಮತ್ತೆ ಕೊಟ್ಟಿಗೆಯ ಬಾಗಿಲು ತೆರೆದಾಗ, ದನವನ್ನು ಹೊರಕ್ಕೆ ಹೊಡೆಯಲು ಮನೆಯವರು ಕೈಗೆತ್ತಿಕೊಳ್ಳುತ್ತಿದ್ದದ್ದು ಅದೇ ಕೊಂಬೆಯನ್ನು.